ತಂತಿಯೊಳಗಿನ ಸಮವಾಯ

ಭೀಮಾ ನದಿಯ ದಂಡೆಯ ಸನ್ನತಿಯು ಭಕ್ತರಿಗೆ ಚಂದ್ರಲಾ ಪರಮೇಶ್ವರಿಯ ಕ್ಷೇತ್ರ. ಇತಿಹಾಸಕಾರರಿಗೆ ಅಶೋಕನ ಶಾಸನದ ಊರು. 1986ರಲ್ಲಿ ಅಲ್ಲಿಯ ದೇವಾಲಯ ಸಂಕೀರ್ಣದಲ್ಲಿದ್ದ ಕಾಳಿಯ ಗುಡಿಯ ಮೇಲ್ಛಾವಣಿ ಕುಸಿಯಿತು. ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಗಲ್ಲನ್ನು ಪರೀಕ್ಷಿಸಿದಾಗ ಅದರ ಮೇಲೆ ಬ್ರಾಹ್ಮಿ ಲಿಪಿಯ ಬರಹ ಕಂಡಿತು. ಅಶೋಕನ 12ನೆಯ ಮತ್ತು 14ನೆಯ ಶಿಲಾಶಾಸನಗಳ ಭಾಗಗಳೂ ಎರಡು ಪ್ರತ್ಯೇಕ ಶಾಸನಗಳ ಭಾಗಗಳೂ ಅದೇ ಕಲ್ಲಿನ ಎರಡು ಮುಖಗಳ ಮೇಲಿದ್ದವು. ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಭವ್ಯವಾದ ಬೌದ್ಧ ಸ್ತೂಪವೊಂದರ ಅವಶೇಷಗಳು ಹೊರಬಂದವು. ಅವುಗಳ ನಡುವೆ 'ರಾಯೋ ಅಸೋಕೋ' ಎಂಬ ಹೆಸರನ್ನು ಹೊತ್ತ, ರಾಣಿಯೊಡನೆ ನಿಂತ ಅರಸನ ಶಿಲ್ಪವೂ ಇತ್ತು.

ಈ ಶಾಸನಗಳಲ್ಲಿ 12ನೆಯದು ನಮ್ಮ ಕಾಲಕ್ಕೂ ಮಾತನಾಡುತ್ತದೆ. ತನ್ನ ಪಂಥವನ್ನು ಹೊಗಳುವ ಭರದಲ್ಲಿ ಪರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ತರುತ್ತಾನೆ. ಆದ್ದರಿಂದ ಮಾತಿನಲ್ಲಿ ಹಿಡಿತವಿರಲಿ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಲಿ ಎಂಬುದು ಅದರ ಸಾರ. ಇದೇ ಶಾಸನದ ಗಿರ್ನಾರ್ ಪಾಠದಲ್ಲಿ ಈ ಕೂಡಿಬಾಳುವಿಕೆಗೆ 'ಸಮವಾಯ' ಎಂಬ ಪದ ಬಳಕೆಯಾಗಿದೆ. ಸಮವಾಯವೆಂದರೆ ಒಟ್ಟುಗೂಡುವುದು. ಈ ಪದದ ಅರ್ಥ ಅರಮನೆಯ ಆಜ್ಞೆಗಳಲ್ಲಿ ಎಷ್ಟು ಸ್ಪಷ್ಟವಾಗುತ್ತದೆಯೋ, ಬಿಗಿದ ತಂತಿಯೊಂದರ ಮೇಲೆ ಅದಕ್ಕಿಂತ ಹೆಚ್ಚು ಸ್ಪಷ್ಟವಾಗುತ್ತದೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಧರ್ಮಕೇಂದ್ರಗಳಲ್ಲಿ ಆಗಾಗ ಕೇಳಿಬರುವ ಚರ್ಚೆಯೊಂದಿದೆ. ಬಲಿಪೂಜೆಯ ಗಾಯನಕ್ಕೆ ಗಿಟಾರ್ ಸಲ್ಲುತ್ತದೆಯೇ? ಅದು ಪರದೇಶದ್ದು, ತಂಬೂರಿ ನಮ್ಮದು ಎನ್ನುವವರು ಒಂದು ಕಡೆ. ತಂಬೂರಿ ಹಳತಾಯಿತು, ಹೊಸ ತಲೆಮಾರಿಗೆ ಗಿಟಾರೇ ಸರಿ ಎನ್ನುವವರು ಇನ್ನೊಂದು ಕಡೆ. ಸ್ವರಗಳನ್ನು ಒಟ್ಟಿಗೆ ನುಡಿಸುವ ಸ್ವರಮೇಳ, ಅಂದರೆ ಯುವಕರು 'ಕಾರ್ಡ್' ಎನ್ನುವುದು, ಭಾರತೀಯ ಕಿವಿಗೆ ಒಗ್ಗದ ವಸ್ತುವೆಂಬ ನಂಬಿಕೆ ಈ ವಾದದ ಬೇರಿನಲ್ಲಿದೆ. ತಂತಿಯ ಇತಿಹಾಸ ಈ ನಂಬಿಕೆಯನ್ನು ಪೂರ್ತಿಯಾಗಿ ಒಪ್ಪುವುದಿಲ್ಲ.

ಒತ್ತದೆ ಮುಟ್ಟುವ ಬೆರಳು

ಗಿಟಾರಿನ ತಂತಿಯನ್ನು ಫ್ರೆಟ್ಟಿನ ಮೇಲೆ ಒತ್ತಿ ಮೀಟಿದರೆ ತಂತಿಯ ಉದ್ದ ಕಡಿಮೆಯಾಗಿ ಸ್ವರ ಏರುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಧಾನ. ಇದಕ್ಕಿಂತ ಬೇರೆಯಾದ ವಿಧಾನವೊಂದುಂಟು. ತಂತಿಯ ನಟ್ಟನಡುವೆ, ಅಂದರೆ 12ನೆಯ ಫ್ರೆಟ್ಟಿನ ನೇರಕ್ಕೆ, ಬೆರಳನ್ನು ಒತ್ತದೆ ಹೂವನ್ನು ಮುಟ್ಟುವಷ್ಟು ಹಗುರವಾಗಿ ಇಟ್ಟು ಮೀಟಿ, ಒಡನೆಯೇ ಬೆರಳನ್ನು ತೆಗೆಯಬೇಕು. ಆಗ ಗಂಟೆಯ ನಾದದಂತೆ ತಿಳಿಯಾದ, ಒಂದು ಸ್ಥಾಯಿ ಮೇಲಿನ ಸ್ವರ ಹೊಮ್ಮುತ್ತದೆ. ಇದನ್ನು ಸಂಗೀತಗಾರರು ನೈಸರ್ಗಿಕ ಹಾರ್ಮೋನಿಕ್ ಎನ್ನುತ್ತಾರೆ. ನಾವು ಸಹಜ ಉಪಸ್ವರ ಎನ್ನಬಹುದು.

ಈ ಸ್ವರವನ್ನು ಬೆರಳು ಹುಟ್ಟಿಸಲಿಲ್ಲ. ಮೀಟಿದ ತಂತಿ ಇಡಿಯಾಗಿ ಕಂಪಿಸುವಾಗಲೇ ಎರಡು ಭಾಗಗಳಾಗಿ, ಮೂರು ಭಾಗಗಳಾಗಿ, ನಾಲ್ಕಾಗಿ, ಐದಾಗಿಯೂ ಏಕಕಾಲಕ್ಕೆ ಕಂಪಿಸುತ್ತದೆ. ಗಿಟಾರಿನ ಅತ್ಯಂತ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ ಎಂದುಕೊಂಡರೆ, ಅದರೊಳಗೆ 165, 247, 330, 412 ಕಂಪನಗಳ ಸ್ವರಗಳೂ ಸಣ್ಣ ದನಿಯಲ್ಲಿ ನುಡಿಯುತ್ತಿರುತ್ತವೆ. ಅರ್ಧಭಾಗದಲ್ಲಿ ಮುಟ್ಟಿದಾಗ ಅಲ್ಲಿ ನಿಶ್ಚಲವಾಗಿರುವ ಕಂಪನಗಳು ಮಾತ್ರ ಉಳಿದು, ಮಿಕ್ಕವು ಅಡಗುತ್ತವೆ. ಬೆರಳಿನ ಕೆಲಸ ದೊಡ್ಡ ದನಿಯನ್ನು ಸುಮ್ಮನಾಗಿಸುವುದಷ್ಟೇ; ಒಳಗೆ ಮೊದಲೇ ಇದ್ದ ಸಣ್ಣ ದನಿ ಆಗ ಕೇಳಿಸುತ್ತದೆ. ಮೂರನೆಯ ಒಂದು ಭಾಗ 7ನೆಯ ಫ್ರೆಟ್ಟಿನ ನೇರಕ್ಕೂ, ನಾಲ್ಕನೆಯ ಒಂದು ಭಾಗ 5ನೆಯ ಫ್ರೆಟ್ಟಿನ ನೇರಕ್ಕೂ, ಐದನೆಯ ಒಂದು ಭಾಗ 4ನೆಯ ಫ್ರೆಟ್ಟಿಗಿಂತ ಕೂದಲೆಳೆಯಷ್ಟು ಹಿಂದಕ್ಕೂ ಬರುತ್ತದೆ.

ಈ ಸ್ವರಗಳನ್ನು ನಮ್ಮ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ: ಇಡಿಯ ತಂತಿ ಷಡ್ಜವಾದರೆ ಅರ್ಧಭಾಗ ಮೇಲಿನ ಷಡ್ಜ, ಮೂರನೆಯ ಒಂದು ಭಾಗ ಪಂಚಮ, ನಾಲ್ಕನೆಯದು ಮತ್ತೆ ಷಡ್ಜ, ಐದನೆಯದು ಗಾಂಧಾರ. ಸ, ಪ, ಗ ಈ ಮೂರೂ ಸೇರಿದರೆ ಗಿಟಾರ್ ವಾದಕರು 'ಮೇಜರ್ ಕಾರ್ಡ್' ಎಂದು ಕರೆಯುವ ಮೇಳವಾಗುತ್ತದೆ. ಒಂದೇ ತಂತಿಯ ಒಡಲಲ್ಲಿ ಅದು ಸೃಷ್ಟಿಯ ನಿಯಮದಿಂದಲೇ ಇದೆ. ಅದನ್ನು ಯಾವ ದೇಶವೂ ತನ್ನದೆಂದು ಹೇಳಿಕೊಳ್ಳಲಾಗದು.

ನಮ್ಮ ನಾಡಿನ ಕಿವಿ

ಭಾರತದ ಪ್ರಾಚೀನ ಶಿಲ್ಪಗಳಲ್ಲಿ ಕಾಣುವ ವೀಣೆ ಬಿಲ್ಲಿನಂತೆ ಬಾಗಿದ, ಹಲವು ತಂತಿಗಳ ವಾದ್ಯ. ಕ್ರಿಸ್ತಶಕದ ಮೊದಲ ಸಾವಿರ ವರ್ಷಗಳಲ್ಲಿ ಅದು ಹಿಂದೆ ಸರಿದು, ಬಿದಿರಿನ ದಂಡಕ್ಕೆ ಸೋರೆಬುರುಡೆ ಕಟ್ಟಿದ ದಂಡವೀಣೆಗಳು ಮುಂದೆ ಬಂದವು. ಈ ಬಳಗದ ಸರಳ ವಾದ್ಯವೊಂದು ಒಡಿಶಾ ಮತ್ತು ಝಾರ್ಖಂಡ್ ಪ್ರದೇಶಗಳಲ್ಲಿ 'ತುಯಿಲಾ' ಎಂಬ ಹೆಸರಿನಿಂದ ನಮ್ಮ ಕಾಲದವರೆಗೂ ಉಳಿದುಬಂದಿದೆ. ಅದಕ್ಕೆ ಇರುವುದು ಒಂದೇ ತಂತಿ. ವಾದಕನು ಬುರುಡೆಯ ತೆರೆದ ಬಾಯಿಯನ್ನು ಎದೆಗಾನಿಸಿಕೊಂಡು, ಒಂದು ಬೆರಳಿನಿಂದ ತಂತಿಯ ನಿಶ್ಚಲ ಬಿಂದುವನ್ನು ಹಗುರವಾಗಿ ಮುಟ್ಟಿ, ಅದೇ ಕೈಯ ಇನ್ನೊಂದು ಬೆರಳಿನಿಂದ ಮೀಟುತ್ತಾನೆ. ಗಿಟಾರ್ ವಾದಕರು ಇಂದು ವಿಶೇಷ ಕೌಶಲವೆಂದು ಕಲಿಯುವ ಉಪಸ್ವರದ ವಾದನ ನಮ್ಮ ದೇಶದ ಬುಡಕಟ್ಟು ಜನರ ಬೆರಳುಗಳಿಗೆ ನಿತ್ಯದ ಅಭ್ಯಾಸವಾಗಿತ್ತು.

ಕಲ್ಯಾಣದ ನಾಡಿಗೂ ಈ ವಾದ್ಯಗಳ ನಂಟು ಹಳೆಯದು. 12ನೆಯ ಶತಮಾನದ ಶರಣರಲ್ಲಿ ಒಬ್ಬರಾದ ಕಿನ್ನರಿ ಬೊಮ್ಮಯ್ಯನವರ ಹೆಸರಿಗೇ ವಾದ್ಯದ ಹೆಸರು ಸೇರಿಕೊಂಡಿದೆ. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಅರಸ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ 'ಸಂಗೀತ ರತ್ನಾಕರ'ದಲ್ಲಿ ಏಕತಂತ್ರಿ, ಆಲಾಪಿನಿ, ಕಿನ್ನರಿ ಮೊದಲಾದ ವೀಣೆಗಳನ್ನು ವಿವರಿಸಿದ್ದಾನೆ. ಶ್ರುತಿಗಳ ಅಂತರವನ್ನು ತಿಳಿಯಲು ಎರಡು ವೀಣೆಗಳನ್ನು ಜೊತೆಗಿಟ್ಟು, ಒಂದನ್ನು ಸ್ಥಿರವಾಗಿರಿಸಿ ಇನ್ನೊಂದನ್ನು ಹಂತಹಂತವಾಗಿ ಇಳಿಸುತ್ತ ಹೋಗುವ ಪ್ರಯೋಗವೂ ಅವನ ಗ್ರಂಥದಲ್ಲಿದೆ. ಭರತನ ಕಾಲದಿಂದ ಬಂದ ಈ ಪ್ರಯೋಗದಲ್ಲಿ ಅಳತೆಗೋಲು ಯಾವುದು? ಮನುಷ್ಯನ ಕಿವಿಯೊಂದೇ.

ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದ ಮಾತು 1550ರಲ್ಲಿ ವಿಜಯನಗರದಲ್ಲಿ ರಚಿತವಾದ 'ಸ್ವರಮೇಳಕಲಾನಿಧಿ'ಯಲ್ಲಿ ಸಿಗುತ್ತದೆ. ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯನು ವೀಣೆಯ ಮೆಟ್ಟಿಲುಗಳ ಸ್ಥಾನಗಳನ್ನು ನಿರ್ಣಯಿಸುವಾಗ 'ಸ್ವಯಂಭೂ' ಸ್ವರಗಳನ್ನು ಹೆಸರಿಸುತ್ತಾನೆ. ತಾವಾಗಿ ಹುಟ್ಟುವ ಸ್ವರಗಳು ಎಂಬ ಈ ಹೆಸರಿನಲ್ಲಿ ಹಲವು ವಿದ್ವಾಂಸರು ಉಪಸ್ವರಗಳ ಅರಿವಿನ ಗುರುತನ್ನು ಕಾಣುತ್ತಾರೆ. ಮುಂದೆ ಇದೇ ಪದ ತಂಬೂರಿಯ ಜೊತೆ ಸೇರಿಕೊಂಡಿತು. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಮಂದ್ರ ಷಡ್ಜದ ತಂತಿಯಿಂದ ಯಾರೂ ಮೀಟದ ಗಾಂಧಾರವೊಂದು ತೇಲಿಬರುತ್ತದೆ. ಗಾಯಕರು ಅದನ್ನು ಸ್ವಯಂಭೂ ಗಾಂಧಾರವೆನ್ನುತ್ತಾರೆ. ಅದು ಆ ತಂತಿಯ ಐದನೆಯ ಉಪಸ್ವರ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರವರೆಗೆ, ಅವರಿಂದ ಭೀಮಸೇನ ಜೋಶಿಯವರವರೆಗೆ ಹರಿದುಬಂದ ಗಾಯನಕ್ಕೆ ತಂಬೂರಿಯ ಈ ನಾದವೇ ನೆಲಗಟ್ಟು.

ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ತೆಳ್ಳನೆಯ ನೂಲೆಳೆಯನ್ನು ಇಟ್ಟು, ಅದನ್ನು ಹಿಂದೆ ಮುಂದೆ ಸರಿಸಿ, ಉಪಸ್ವರಗಳು ಅರಳುವ ಜಾಗವನ್ನು ಹುಡುಕುತ್ತಾರೆ. ಈ ಗುಣಕ್ಕೆ ಉತ್ತರ ಕರ್ನಾಟಕದಲ್ಲಿ 'ಜವಾರಿ' ಎಂಬ ಹೆಸರು. ನಾಟಿ ಬೀಜಕ್ಕೂ ನಾಟಿ ಕೋಳಿಗೂ ಇದೇ ಮಾತನ್ನು ಬಳಸುವ ಜನರಿಗೆ ಜವಾರಿಯಿಲ್ಲದ ತಂಬೂರಿ ಎಷ್ಟು ಸಪ್ಪೆಯೆಂದು ಬೇರೆ ಹೇಳಬೇಕಾಗಿಲ್ಲ. ಗಡಿಯಾಚೆಯ ಮಿರಜಿನಲ್ಲಿ ಈ ವಾದ್ಯಗಳನ್ನು ಕಟ್ಟುವ ಕುಟುಂಬಗಳಿವೆ. 2024ರಲ್ಲಿ ಮಿರಜಿನ ಸಿತಾರ್ ಹಾಗೂ ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅವುಗಳಿಗೆ ಬೇಕಾದ ದೊಡ್ಡ ಬುರುಡೆಗಳು ಬರುವುದು ಪಂಢರಪುರ, ಮಂಗಳವೇಢೆಗಳ ಸುತ್ತಿನ ಹೊಲಗಳಿಂದ. ಆ ನೆಲಕ್ಕೆ ನೀರುಣಿಸಿದ ಭೀಮೆಯೇ ಮುಂದೆ ಹರಿದು ಸನ್ನತಿಯ ದಂಡೆಯನ್ನು ಮುಟ್ಟುತ್ತಾಳೆ.

ಅರಸರೂ ಈ ನಾದಕ್ಕೆ ಸೋತದ್ದುಂಟು. 1580ರಿಂದ 1627ರವರೆಗೆ ವಿಜಾಪುರವನ್ನು ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹಿ ತನ್ನ ತಂಬೂರಿಗೆ 'ಮೋತಿಖಾನ್' ಎಂದು ಹೆಸರಿಟ್ಟು ಪ್ರೀತಿಸಿದ. ಅರಮನೆಯಿಂದ ದೂರದಲ್ಲಿ ಕಡಕೋಳ ಮಡಿವಾಳಪ್ಪನವರಂಥ ತತ್ವಪದಕಾರರ ಹಾಡುಗಳನ್ನು ಕಲಬುರಗಿ ಸೀಮೆಯ ಭಜನೆಯವರು ಏಕತಾರಿಯ ಒಂದೇ ತಂತಿಯ ಆಸರೆಯಲ್ಲಿ ಇಂದಿಗೂ ಹಾಡುತ್ತಾರೆ. ಸುಲ್ತಾನನಿಗೆ ಮುತ್ತಾಗಿದ್ದದ್ದು ಒಕ್ಕಲಿಗನಿಗೆ ಬುತ್ತಿಯಾಯಿತು.

ಒಬ್ಬ ಸನ್ಯಾಸಿ, ಒಬ್ಬ ಕಿವಿಮಂದ, ಒಬ್ಬ ವಿಜ್ಞಾನಿ

ಯೂರೋಪಿನಲ್ಲಿ ಈ ಗುಟ್ಟನ್ನು ಬರಹಕ್ಕಿಳಿಸಿದವರಲ್ಲಿ ಮೊದಲಿಗರೊಬ್ಬರು ಕಥೋಲಿಕ ಗುರುಗಳೇ. ಮಿನಿಮ್ ಸಭೆಯ ಸನ್ಯಾಸಿ ಮರೆನ್ ಮೆರ್ಸೆನ್ 1636ರಲ್ಲಿ ಪ್ರಕಟವಾದ ತಮ್ಮ ದೊಡ್ಡ ಗ್ರಂಥದಲ್ಲಿ, ಒಂದೇ ತಂತಿಯನ್ನು ಮೀಟಿದಾಗ ಮೂಲಸ್ವರದ ಜೊತೆ ಮೇಲಿನ ಸ್ವರಗಳೂ ಕೇಳುವುದನ್ನು ದಾಖಲಿಸಿದರು. 1677ರಲ್ಲಿ ಜಾನ್ ವಾಲಿಸ್ ಎಂಬ ಗಣಿತಜ್ಞ, ಆಕ್ಸ್‌ಫರ್ಡಿನ ವಿಲಿಯಂ ನೋಬಲ್ ಮತ್ತು ಥಾಮಸ್ ಪಿಗಟ್ ಎಂಬವರು ಕಂಪಿಸುವ ತಂತಿಯ ನಡುವೆ ನಿಶ್ಚಲ ಬಿಂದುಗಳಿರುವುದನ್ನು ಕಂಡುಕೊಂಡ ಸಂಗತಿಯನ್ನು ಪ್ರಕಟಿಸಿದ. 1701ರಲ್ಲಿ ಫ್ರಾನ್ಸಿನ ಜೋಸೆಫ್ ಸೋವ್ಯೂರ್ ಈ ವಿಷಯಕ್ಕೆ ಶಾಸ್ತ್ರದ ರೂಪ ಕೊಟ್ಟ. ಚಿಕ್ಕಂದಿನಲ್ಲಿ ಏಳು ವರ್ಷದವರೆಗೆ ಮಾತು ಬಾರದಿದ್ದ, ಕಿವಿಯೂ ಮಂದವಾಗಿದ್ದ ಅವನು ಸಂಗೀತಗಾರರ ಕಿವಿಗಳನ್ನು ಎರವಲು ಪಡೆದು ನಾದದ ವಿಜ್ಞಾನಕ್ಕೆ ತಳಪಾಯ ಹಾಕಿದ. ತನ್ನ ಕೊರತೆಯನ್ನು ನೆರೆಯವನ ವರದಿಂದ ತುಂಬಿಕೊಳ್ಳುವುದು ವಿದ್ವಾಂಸನಿಗೂ ಅವಮಾನವಲ್ಲ. ಆರು ತಂತಿಯ ಗಿಟಾರ್ 18ನೆಯ ಶತಮಾನದ ಕೊನೆಯ ಹೊತ್ತಿಗೆ ರೂಪುಗೊಂಡ ಮೇಲೆ, ಸ್ಪೇನಿನ ಫರ್ನಾಂಡೊ ಸೋರ್ 1830ರಲ್ಲಿ ಪ್ರಕಟಿಸಿದ ತನ್ನ ಬೋಧನಾ ಗ್ರಂಥದಲ್ಲಿ ಉಪಸ್ವರಗಳ ವಾದನವನ್ನು ಪ್ರತ್ಯೇಕವಾಗಿ ವಿವರಿಸಿದ.

ಈ ಕಥೆಯ ಮುಂದಿನ ಅಧ್ಯಾಯ ಬರೆದವರು ಭಾರತೀಯರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರುವ ಉಪಸ್ವರಗಳು ಹುಟ್ಟಲಾರವು ಎಂಬುದು ಥಾಮಸ್ ಯಂಗ್‌ನ ಕಾಲದಿಂದ ಒಪ್ಪಿತವಾಗಿದ್ದ ನಿಯಮ. ಕಲ್ಕತ್ತೆಯಲ್ಲಿದ್ದ ಚಂದ್ರಶೇಖರ ವೆಂಕಟರಾಮನ್ ಅವರು 1921ರಲ್ಲಿ ಪ್ರಕಟಿಸಿದ ಕಿರುಲೇಖನದಲ್ಲಿ, ವೀಣೆ ಮತ್ತು ತಂಬೂರಿಗಳಲ್ಲಿ ಈ ನಿಯಮ ನಡೆಯುವುದಿಲ್ಲವೆಂದು ತೋರಿಸಿದರು. ಬಾಗಿದ ಅಗಲ ಕುದುರೆಯೂ ಅದರ ಮೇಲಿನ ನೂಲೆಳೆಯೂ ಹುಟ್ಟಲಾರದೆಂದ ಉಪಸ್ವರವನ್ನು ಹುಟ್ಟಿಸುತ್ತವೆ. ಮುಂದೆ 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ ಅವರು ಇಲ್ಲಿಯೇ ನೆಲೆಸಿದರು. ವಾದ್ಯ ಕಟ್ಟುವ ಬಡಗಿಯ ಅನುಭವಜ್ಞಾನಕ್ಕೆ ಪ್ರಯೋಗಶಾಲೆ ತಲೆಬಾಗಿದ ಪ್ರಸಂಗವಿದು.

ಗಿಟಾರಿನ ಮೇಲೆ ಸಹಜ ಸ್ವರಮೇಳ

ಈಗ ಗಾನವೃಂದದ ಯುವಕರಿಗೆ ಉಪಯೋಗವಾಗುವ ಮಾತು. ಗಿಟಾರಿನ ತಂತಿಗಳನ್ನು ತೆಳುವಿನಿಂದ ದಪ್ಪಕ್ಕೆ 1ರಿಂದ 6 ಎಂದು ಎಣಿಸೋಣ. 4, 3, 2ನೆಯ ತಂತಿಗಳನ್ನು 12ನೆಯ ಫ್ರೆಟ್ಟಿನ ನೇರಕ್ಕೆ ಒಂದೇ ಬೆರಳಿನಿಂದ ಹಗುರವಾಗಿ ಮುಟ್ಟಿ ಮೀಟಿದರೆ ಜಿ ಮೇಜರ್ ಮೇಳ ಕೇಳುತ್ತದೆ. ಅದೇ ಮೂರು ತಂತಿಗಳನ್ನು 7ನೆಯ ಫ್ರೆಟ್ಟಿನಲ್ಲಿ ಮುಟ್ಟಿದರೆ ಡಿ ಮೇಜರ್. 5ನೆಯದರಲ್ಲಿ ಮತ್ತೆ ಜಿ ಮೇಜರ್, ಒಂದು ಸ್ಥಾಯಿ ಮೇಲೆ. 3, 2, 1ನೆಯ ತಂತಿಗಳನ್ನು ಆರಿಸಿಕೊಂಡರೆ 12ನೆಯ ಫ್ರೆಟ್ಟಿನಲ್ಲಿ ಇ ಮೈನರ್, 7ನೆಯದರಲ್ಲಿ ಬಿ ಮೈನರ್. ಬೆರಳು ಫ್ರೆಟ್ಟಿನ ಹಿಂದಿನ ಸ್ಥಳದ ಮೇಲಲ್ಲ, ಸರಿಯಾಗಿ ಲೋಹದ ಪಟ್ಟಿಯ ನೇರಕ್ಕೇ ಇರಬೇಕು. ಬಲಗೈಯನ್ನು ಕುದುರೆಯ ಕಡೆಗೆ ಸರಿಸಿ ಮೀಟಿದರೆ ಸ್ವರ ಇನ್ನಷ್ಟು ತಿಳಿಯಾಗುತ್ತದೆ.

ನಾಲ್ಕು ಮೇಳಗಳಷ್ಟೇ ಸಲೀಸಾಗಿ ಸಿಕ್ಕವು. ಸಿ ಮೇಜರ್ ಬೇಕೆಂದರೆ ಈ ಸ್ಥಾನಗಳಲ್ಲಿ ಸಿಗದು. ಸಹಜ ಸ್ವರಗಳನ್ನು ನಮ್ಮ ಇಷ್ಟದಂತೆ ತಯಾರಿಸಲಾಗದು. ಇರುವುದನ್ನು ಪಡೆಯಬಹುದು ಅಷ್ಟೆ. ಆದ್ದರಿಂದ ಇಡೀ ಗೀತೆಗೆ ಇವು ಸಾಲುವುದಿಲ್ಲ. ಗೀತೆಯ ಆರಂಭಕ್ಕೆ, ಕೊನೆಯ ಆಮೆನ್‌ಗೆ, ಸತ್ಪ್ರಸಾದ ಸ್ವೀಕಾರದ ನಂತರದ ಮೌನಕ್ಕೆ ಎರಡು ಮೂರು ಮೇಳಗಳೇ ಧಾರಾಳ.

ಇಬ್ಬಿಬ್ಬರು ಒಪ್ಪಿದರೂ ಮೂವರು ಒಪ್ಪದಾಗ

ಉಪಸ್ವರಗಳಿಂದ ಗಿಟಾರನ್ನು ಶ್ರುತಿಗೂಡಿಸುವ ವಾಡಿಕೆಯೂ ಉಂಟು. 6ನೆಯ ತಂತಿಯ 5ನೆಯ ಫ್ರೆಟ್ಟಿನ ಉಪಸ್ವರವನ್ನೂ 5ನೆಯ ತಂತಿಯ 7ನೆಯ ಫ್ರೆಟ್ಟಿನ ಉಪಸ್ವರವನ್ನೂ ಒಟ್ಟಿಗೆ ನುಡಿಸಿ, ನಡುವಿನ ಅಲುಗಾಟ ನಿಲ್ಲುವವರೆಗೆ ಬಿಗಿಯುತ್ತಾರೆ. ಹೀಗೆಯೇ 4 ಮತ್ತು 3ನೆಯ ತಂತಿಗಳನ್ನು ಕೂಡಿಸುತ್ತಾರೆ. 2ನೆಯ ತಂತಿಯನ್ನು 6ನೆಯ ತಂತಿಯ 7ನೆಯ ಫ್ರೆಟ್ಟಿನ ಉಪಸ್ವರಕ್ಕೆ ಹೊಂದಿಸುತ್ತಾರೆ. ಪ್ರತಿಯೊಂದು ಜೋಡಿಯೂ ಈಗ ಪರಿಪೂರ್ಣ. ಆದರೂ ಜಿ ಮೇಜರ್ ನುಡಿಸಿದರೆ ಕಿವಿಗೆ ಏನೋ ಚುಚ್ಚುತ್ತದೆ. ಏಕೆ?

ಒಂದು ಅರ್ಧಸ್ವರವನ್ನು 100 ಭಾಗಗಳೆಂದು ಭಾವಿಸೋಣ. ಗಿಟಾರಿನ ಫ್ರೆಟ್ಟುಗಳ ಲೆಕ್ಕದಲ್ಲಿ ಪಕ್ಕಪಕ್ಕದ ದಪ್ಪ ತಂತಿಗಳ ಅಂತರ 500 ಭಾಗ. ಸಹಜ ಉಪಸ್ವರದ ಲೆಕ್ಕದಲ್ಲಿ 498. ಮೂರು ಜೋಡಿಗಳಲ್ಲಿ ಎರಡೆರಡು ಭಾಗ ತಗ್ಗಿ, 3ನೆಯ ತಂತಿ 6 ಭಾಗ ಕೆಳಗೆ ನಿಲ್ಲುತ್ತದೆ. 2ನೆಯ ತಂತಿ 2 ಭಾಗ ಮೇಲೆ ನಿಲ್ಲುತ್ತದೆ. ಇವೆರಡರ ನಡುವಿನ ಗಾಂಧಾರದ ಅಂತರ 400 ಇರಬೇಕಾದದ್ದು 408 ಆಗುತ್ತದೆ. ತಂತಿಯ ಒಡಲಿನ ಸ್ವಯಂಭೂ ಗಾಂಧಾರವಾದರೋ 386ರಲ್ಲಿದೆ. ವ್ಯತ್ಯಾಸ 22 ಭಾಗ. ಭರತ, ಶಾರ್ಙ್ಗದೇವರು ಎರಡು ವೀಣೆಗಳಿಂದ ಅರಸಿದ 'ಪ್ರಮಾಣ ಶ್ರುತಿ' ಇದೇ ಅಂತರವೆಂದು ಇಂದಿನ ಶಾಸ್ತ್ರಜ್ಞರು ಸಾಮಾನ್ಯವಾಗಿ ಅರ್ಥೈಸುತ್ತಾರೆ.

ತಂಬೂರಿ ಈ ಇಕ್ಕಟ್ಟಿಗೆ ಸಿಲುಕುವುದಿಲ್ಲ. ಅದು ಒಂದೇ ಷಡ್ಜದಲ್ಲಿ ನೆಲೆನಿಂತು ತನ್ನ ಗಾಂಧಾರವನ್ನು ಶುದ್ಧವಾಗಿ ಕಾಪಾಡಿಕೊಳ್ಳುತ್ತದೆ. ಗಿಟಾರಿಗೆ ಹಲವು ಮೇಳಗಳ ನಡುವೆ ಓಡಾಡಬೇಕಾಗಿದೆ. ಆದ್ದರಿಂದ ಅದರ ಪ್ರತಿಯೊಂದು ತಂತಿಯೂ ತನ್ನ ಶುದ್ಧತೆಯಲ್ಲಿ ಚೂರು ಬಿಟ್ಟುಕೊಡುತ್ತದೆ. ಹೀಗೆ ಬಿಟ್ಟುಕೊಟ್ಟದ್ದನ್ನು ನಮ್ಮವರು ಸುಲಭವಾಗಿ ಒಪ್ಪಲಿಲ್ಲ. ಸ್ಥಿರಸ್ವರಗಳ ಪೇಟಿಯನ್ನು 1940ರಲ್ಲಿ ಆಕಾಶವಾಣಿಯಿಂದ ಹೊರಗಿಡಲಾಯಿತು. 1970ರ ದಶಕದಲ್ಲಷ್ಟೇ ಆ ನಿಷೇಧ ಸಡಿಲವಾಯಿತು. ಆದರೆ ಅದೇ ಪೇಟಿ ಹಳ್ಳಿಯ ಬಯಲಾಟದಲ್ಲಿ, ಭಜನೆಯಲ್ಲಿ, ನಮ್ಮ ದೇವಾಲಯಗಳಲ್ಲಿ ಲಕ್ಷಾಂತರ ಜನರಿಗೆ ಹಾಡುವ ಧೈರ್ಯ ಕೊಟ್ಟಿತು. ಶುದ್ಧತೆಗೂ ಕೂಟಕ್ಕೂ ಎರಡಕ್ಕೂ ಬೆಲೆಯಿದೆ. ಒಂದರಿಂದ ಇನ್ನೊಂದನ್ನು ಅಳೆಯಬಾರದು.

ಕಿವಿಗೊಡುವ ಸಮುದಾಯ

ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ದೈವಾರಾಧನೆಯ ಸಂವಿಧಾನ ಈ ಸಮತೋಲವನ್ನು ಅರಿತಿದೆ. ಅದರ 119ನೆಯ ವಿಧಿ ಆಯಾ ಜನಾಂಗದ ಸಂಗೀತ ಪರಂಪರೆಗೆ ಯೋಗ್ಯ ಸ್ಥಾನವಿರಲೆಂದು ಹೇಳುತ್ತದೆ. 120ನೆಯ ವಿಧಿ ಪೈಪ್ ಆರ್ಗನ್‌ಗೆ ಗೌರವ ಸಲ್ಲಿಸಿ, ಆರಾಧನೆಗೆ ತಕ್ಕುದಾದ ಇತರ ವಾದ್ಯಗಳಿಗೂ ಅಧಿಕಾರಿಗಳ ಒಪ್ಪಿಗೆಯೊಡನೆ ಬಾಗಿಲು ತೆರೆಯುತ್ತದೆ. ತಂಬೂರಿಯೋ ಗಿಟಾರೋ ಎಂದು ಬಡಿದಾಡಲು ಅಲ್ಲಿ ಆಸ್ಪದವಿಲ್ಲ.

ನಿಜವಾದ ಅಪಾಯ ಬೇರೆ ಕಡೆಯಿಂದ ಬರುತ್ತಿದೆ. 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಒಂಟಿಯಾಗಿ ಅಭ್ಯಾಸ ಮಾಡುವ ಎಷ್ಟೋ ವಿದ್ಯಾರ್ಥಿಗಳಿಗೆ ಅದು ಉಪಕಾರವಾಯಿತು. ಈಗ ಮೊಬೈಲ್ ಫೋನೇ ತಂಬೂರಿಯೂ ಹೌದು, ಗಿಟಾರಿನ ಶ್ರುತಿ ನೋಡುವ ಯಂತ್ರವೂ ಹೌದು. ಪರದೆಯ ಮೇಲೆ ಹಸಿರು ಗುರುತು ಕಂಡರೆ ತಂತಿ ಸರಿಯಾಯಿತೆಂದು ಮಕ್ಕಳು ನಂಬುತ್ತಾರೆ. ಕಣ್ಣು ಕೆಲಸ ಮಾಡುತ್ತದೆ, ಕಿವಿ ಬಿಡುವಾಗಿರುತ್ತದೆ. ಶ್ರುತಿಗೂಡಿಸುವ ಹತ್ತು ನಿಮಿಷಗಳಲ್ಲಿ ಹಿಂದಿನವರು ಕಲಿಯುತ್ತಿದ್ದುದು ತಂತಿಯನ್ನು ಬಿಗಿಯುವುದಷ್ಟನ್ನೇ ಅಲ್ಲ. ಸುಮ್ಮನಿದ್ದು ಕೇಳುವುದನ್ನು ಕಲಿಯುತ್ತಿದ್ದರು. ಆ ವಿದ್ಯೆ ಗಾನವೃಂದದಿಂದ ಕಳೆದುಹೋದರೆ ಮನೆಯಿಂದಲೂ ಕಳೆದುಹೋಗುತ್ತದೆ.

ಆದ್ದರಿಂದ ಪ್ರಿಯ ತಂದೆತಾಯಿಗಳೇ, ನಿಮ್ಮ ಮಗನೋ ಮಗಳೋ ಗಿಟಾರ್ ಹಿಡಿದಾಗ ಒಂದು ಸಂಜೆ ಫೋನನ್ನು ಬದಿಗಿರಿಸಿ, 12ನೆಯ ಫ್ರೆಟ್ಟಿನ ಮೇಲೆ ಹಗುರವಾಗಿ ಬೆರಳಿಟ್ಟು ಮೀಟುವಂತೆ ಹೇಳಿರಿ. ಮನೆಮಂದಿಯೆಲ್ಲ ಆ ನಾದ ಆರುವವರೆಗೂ ಕೇಳಿರಿ. ಒಂದು ಕುಟುಂಬದಲ್ಲಿ, ಒಂದು ಧರ್ಮಕೇಂದ್ರದಲ್ಲಿ ಇಬ್ಬಿಬ್ಬರು ತಮ್ಮೊಳಗೆ ಒಪ್ಪಿಕೊಂಡಿದ್ದರೂ ಎಲ್ಲರೂ ಸೇರಿದಾಗ ಅಪಸ್ವರ ಏಳುವುದುಂಟು. ಆಗ ಯಾರು ತಪ್ಪು ಎಂದು ಹುಡುಕುವ ಬದಲು ಯಾರು ಎರಡು ಭಾಗ ಬಿಟ್ಟುಕೊಡಬಲ್ಲರು ಎಂದು ಕೇಳಬೇಕು. ದೊಡ್ಡ ದನಿಗಳು ಒಂದು ಕ್ಷಣ ಅಡಗಿದರೆ, ಹಿಂದಿನ ಸಾಲಿನಲ್ಲಿ ಕೂತ ಮುದುಕಿಯ, ಮಾತು ಬಾರದ ಮಗುವಿನ ಸಣ್ಣ ದನಿಯೂ ಕೇಳೀತು.

ಸನ್ನತಿಯ ಆ ಕಲ್ಲು ನೂರಾರು ವರ್ಷ ವಿಗ್ರಹದ ಕೆಳಗೆ ಪೀಠವಾಗಿ, ಓದುವವರಿಲ್ಲದೆ ಮೌನವಾಗಿತ್ತು. ಮೇಲಿನ ಭಾರ ಸರಿದಾಗ ಅದರ ಅಕ್ಷರಗಳು ಕಂಡವು. ಪರರ ಮಾತಿಗೆ ಕಿವಿಗೊಡಬೇಕೆಂಬ ಆ ಅರಸನ ಬಯಕೆಯನ್ನು ನಡೆಸಿಕೊಡಲು ನಮಗೆ ರಾಜ್ಯವೇನೂ ಬೇಕಿಲ್ಲ. ನಮ್ಮ ಭಾರವನ್ನು ತುಸು ಹಗುರ ಮಾಡಿಕೊಂಡು ಮುಟ್ಟುವ ಬೆರಳೊಂದು ಸಾಕು.